ಕೊಡಗಿನ ಡಾಕ್ಟರು ಆಡದ ಮಾತು

ಅವರ ಬಲಗೈ ತೋರುಬೆರಳು ಯಾವಾಗಲೂ ನೆಟ್ಟಗೆ ಇರುತ್ತಿತ್ತು. ಟೀ ಕಪ್ಪು ಹಿಡಿದಾಗ, ತೋಟಕ್ಕೆ ನೀರು ಬಿಡುವ ಪೈಪು ಹಿಡಿದಾಗ, ಕೊಡೆ ಮಡಿಚಿ ನಮ್ಮ ಬಾಗಿಲಲ್ಲಿ ನಿಂತಾಗ, ಉಳಿದ ಬೆರಳುಗಳೆಲ್ಲ ಮಡಿಸಿಕೊಂಡು ಕೆಲಸ ಮಾಡುತ್ತಿದ್ದರೆ ಅದೊಂದು ಮಾತ್ರ ಪಕ್ಕಕ್ಕೆ ಚಾಚಿಕೊಂಡು ಸುಮ್ಮನಿರುತ್ತಿತ್ತು. ಬಲಗೈ ಎಂದು ಬರೆದೆ. ಎಡಗೈ ಇದ್ದರೂ ಇರಬಹುದು. ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತ ಬಂದವಳು. ಆದರೆ ಬೇಕಾದ ದಿನದ ಪುಟ ತೆರೆದರೆ ಅಲ್ಲಿ ಪರೀಕ್ಷೆಯ ಭಯ, ಮೊಡವೆ, ಗೆಳತಿಯ ಜೊತೆಗಿನ ಜಗಳ ಇಂಥವೇ ಸಿಗುತ್ತವೆ. ಹಾಗಾಗಿ ನೆನಪನ್ನು ನಂಬಬೇಕು. ನೆನಪನ್ನು ನಂಬುವುದು ನನಗೆ ಇಷ್ಟವಿಲ್ಲ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಅವರ ಬಗ್ಗೆ ಇನ್ನೊಬ್ಬರ ನೆನಪು ಈಗಾಗಲೇ ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದುವ ಹಾಗೆ ಕೂತಿದೆ. ಅದು ನನ್ನ ತಮ್ಮನದು.

ಲಂಡನ್ನಿನ ಅಂಚಿನ ಸಟನ್ನಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ಬಂದಾಗ ಅಪ್ಪನಿಗೆ ಆ ಮನೆ ಹುಡುಕಿಕೊಟ್ಟವರು ಅವರೇ. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದರು. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಗಂಡಸರೆಲ್ಲ ಡಾಕ್ಟರುಗಳೇ ಆದ್ದರಿಂದ ಊರಿನ ಹೆಸರು ಹಿಡಿದು ಗುರುತಿಸುವುದು ರೂಢಿ. ಧಾರವಾಡದ ಡಾಕ್ಟರು, ಮಂಡ್ಯದ ಡಾಕ್ಟರು, ಇವರು ಕೊಡಗಿನ ಡಾಕ್ಟರು. ನನಗೂ ತಮ್ಮನಿಗೂ ಬರೀ ಅಂಕಲ್. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಕೆಲಸ ಅವರದು. "ನಿಮ್ಮಪ್ಪ ಮಾತಾಡಿ ನಿದ್ದೆ ಬರಿಸ್ತಾರೆ, ನಾನು ಔಷಧಿ ಕೊಟ್ಟು ಬರಿಸ್ತೀನಿ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದರು. ಅಂಕಲ್‌ಗೆ ಮಕ್ಕಳಿರಲಿಲ್ಲ. ತಮ್ಮನನ್ನು ಮಾತ್ರ ಕೊಡವ ಭಾಷೆಯಲ್ಲಿ "ಮೋನೇ" ಎಂದು ಕರೆಯುತ್ತಿದ್ದರು, ಮಗನೇ ಎಂದು.

ಆ ಬೆರಳಿನ ಗುಟ್ಟು ನನಗೆ ತಿಳಿದದ್ದು ತಮ್ಮನಿಂದ. ಕೋವಿ ಹಿಡಿದವನು ಹೊಡೆಯುವ ಕ್ಷಣದವರೆಗೂ ಬೆರಳನ್ನು ಕುದುರೆಯ ಮೇಲೆ, ಅಂದರೆ ಟ್ರಿಗರಿನ ಮೇಲೆ, ಇಡಬಾರದು, ಹೊರಗೆ ಚಾಚಿಕೊಂಡೇ ಇರಬೇಕು. ಚಿಕ್ಕಂದಿನಲ್ಲಿ ಅವರ ಅಜ್ಜ ಕಲಿಸಿದ್ದು ಕೈಗೆ ಎಷ್ಟು ಅಂಟಿಕೊಂಡಿತ್ತೆಂದರೆ ಟೀ ಕಪ್ಪಿಗೂ ಅದೇ ಮರ್ಯಾದೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಊರಲ್ಲಿ ಲೈಸೆನ್ಸಿನ ಗೊಡವೆಯಿಲ್ಲ. ಅವರ ಮನೆಯಲ್ಲಿ ಅದು ಒಳಕೋಣೆಯಲ್ಲಿ ಇರುತ್ತಿರಲಿಲ್ಲವಂತೆ. ಬಂದವರು ಕಾಲು ತೊಳೆದು ಕೂರುವ ಜಗಲಿಯ ಗೋಡೆಯ ಮೇಲೆ ಇರುತ್ತಿತ್ತಂತೆ. ಯಾರಾದರೂ ಇಳಿಸಿಕೊಂಡರೆ ಅಡಿಗೆಮನೆಯಲ್ಲಿದ್ದ ಹೆಂಗಸರಿಗೂ ಕೇಳುವ ಹಾಗೆ "ಕೋವಿ ತೆಗೆದೆ" ಎಂದು ಕೂಗಿ ಹೇಳಬೇಕಂತೆ.

ಲಂಡನ್ನಿನಲ್ಲಿ ಅವರ ಹತ್ತಿರ ಎರಡು ಪಿಸ್ತೂಲುಗಳಿದ್ದವು. ಗುರಿ ಹೊಡೆಯುವ ಕ್ಲಬ್ಬೊಂದರ ಸದಸ್ಯರಾಗಿದ್ದರು. ಕಾನೂನಿನ ಪ್ರಕಾರ ಅವು ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರಬೇಕು. ಗೋಡೆಯ ಮೇಲೆ ತೂಗುಹಾಕುವಂತಿಲ್ಲವಲ್ಲ ಎಂದು ಅವರು ಮಾಡಿದ ಕೆಲಸ ನಮ್ಮ ಬೀದಿಯಲ್ಲಿ ಬಹಳ ದಿನ ಮಾತಾಗಿತ್ತು. ಒಂದು ಭಾನುವಾರ ಕೋಟು ಹಾಕಿಕೊಂಡು, ಅವರ ಹೆಂಡತಿ, ನಮ್ಮ ಆಂಟಿ, ಮಾಡಿದ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು, ಆಚೆ ಮನೆ, ಎದುರು ಮನೆ ಎಂದು ಒಂದೊಂದೇ ಬಾಗಿಲು ತಟ್ಟಿ, "ನಮ್ಮ ಮನೆಯಲ್ಲಿ ಎರಡು ಪಿಸ್ತೂಲು ಇವೆ, ಬೀಗ ಹಾಕಿದೆ, ನಿಮಗೆ ಗೊತ್ತಿರಲಿ ಅಂತ ಹೇಳೋಕೆ ಬಂದೆ" ಎಂದು ಹೇಳಿ ಬಂದರು. ಎದುರು ಮನೆಯ ಇಂಗ್ಲಿಷ್ ಮುದುಕಿ ಬಿಸ್ಕತ್ತು ತೆಗೆದುಕೊಂಡು ಪೊಲೀಸರಿಗೆ ಫೋನ್ ಮಾಡಿದಳು. ಬಂದ ಪೊಲೀಸಿನವನು ಕಾಗದಪತ್ರ ನೋಡಿ, ಎಲ್ಲ ಸರಿಯಾಗಿದೆ, ಆದರೆ ದಯವಿಟ್ಟು ಯಾರಿಗೂ ಹೇಳಬೇಡಿ, ಕಳ್ಳರಿಗೆ ಗೊತ್ತಾಗುತ್ತದೆ ಎಂದು ಬುದ್ಧಿ ಹೇಳಿ ಹೋದ.

"ಬಚ್ಚಿಡು ಅಂತ ಪೊಲೀಸೇ ಹೇಳ್ತಾನಲ್ಲೋ!" ಎಂದು ಅವರು ಅಪ್ಪನ ಹತ್ತಿರ ಅಚ್ಚರಿಪಟ್ಟಿದ್ದು ಗೋಡೆಯಾಚೆ ನನಗೂ ಕೇಳಿಸಿತ್ತು. "ಪಕ್ಕದಲ್ಲಿ ಮಲಗೋರಿಗೆ ಗೊತ್ತಿಲ್ಲದೆ ಇಟ್ಕೊಂಡ್ರೆ ಅದು ಕೋವಿ ಅಲ್ಲ ಕಣಯ್ಯ, ಕಳ್ಳ ಮಾಲು."

ಸೆಪ್ಟೆಂಬರ್ ಮೊದಲ ವಾರ ಅವರ ಮನೆಯಲ್ಲಿ ಆಯುಧಗಳ ಹಬ್ಬ. ಕೈಲ್‌ಪೊಳ್ದ್ ಎನ್ನುತ್ತಾರೆ. ದೇವರ ಮೂಲೆಯಲ್ಲಿ ಚಾಪೆ ಹಾಸಿ ಪಿಸ್ತೂಲುಗಳನ್ನಿಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ಹೂವು ಸಿಕ್ಕಿಸುತ್ತಿದ್ದರು. ಊರಲ್ಲಾದರೆ ಅದಕ್ಕೆಂದೇ ಒಂದು ಕಾಡುಹೂವಿದೆಯಂತೆ. ಇಲ್ಲಿ ತೋಟದಲ್ಲಿ ಸಿಕ್ಕ ಕೆಂಪು ಹೂವು. ಆಂಟಿ ಹಂದಿಮಾಂಸದ ಸಾರಿನ ಜೊತೆಗೆ ನಮಗಾಗಿ ಬೇರೆ ಪಾತ್ರೆಯಲ್ಲಿ ತರಕಾರಿ ಪಲ್ಯ, ಅಕ್ಕಿತರಿಯ ಉಂಡೆ ಕಡಂಬಿಟ್ಟು ಮಾಡುತ್ತಿದ್ದರು. ಅಮ್ಮ ಹೊಸ್ತಿಲಲ್ಲೇ ನಿಂತು ಕುಂಕುಮ ತೆಗೆದುಕೊಳ್ಳುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. "ಡಾಕ್ಟರಾಗಿ ಇದೆಂಥ ಪೂಜೇನಮ್ಮ" ಎಂದು ಮನೆಗೆ ಬಂದ ಮೇಲೆ ಗೊಣಗುತ್ತಿದ್ದಳು. ತಮ್ಮ ಮಾತ್ರ ಚಾಪೆಯ ಪಕ್ಕದಲ್ಲೇ ಕೂರುತ್ತಿದ್ದ.

ಅವನಿಗೆ ಹದಿಮೂರಾಗುವಷ್ಟರಲ್ಲಿ ಅಪ್ಪನ ಸಹಿ ಹಾಕಿಸಿಕೊಂಡು ಅವರ ಜೊತೆ ಕ್ಲಬ್ಬಿಗೆ ಹೋಗತೊಡಗಿದ. ಮೊದಲ ಕೆಲವು ವಾರ ಅವನ ಕೈಗೆ ಗುಂಡೇ ಕೊಡಲಿಲ್ಲವಂತೆ. ಪೆಟ್ಟಿಗೆ ತೆರೆ, "ತೆಗೆದೆ" ಎಂದು ಸುತ್ತ ಇದ್ದವರಿಗೆ ಕೇಳುವಂತೆ ಹೇಳು, ಮತ್ತೆ ಒಳಗಿಡು, "ಇಟ್ಟೆ" ಎಂದು ಹೇಳು. ಇಷ್ಟೇ ಪಾಠ. ಮನೆಯಲ್ಲಿ ಫ್ರಿಜ್ಜಿನಿಂದ ಹಾಲು ತೆಗೆದಾಗಲೂ ತಮ್ಮ "ತೆಗೆದೆ!" ಎಂದು ಕೂಗುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡವೇ ಕಡಿಮೆ. ಅದರಲ್ಲಿ ಇದೊಂದು ಕ್ರಿಯಾಪದ ಹೆಚ್ಚಾಯಿತಲ್ಲ ಎಂದು ಅಪ್ಪ ಖುಷಿಪಟ್ಟರು.

ಆಮೇಲೆ ಸ್ಕಾಟ್ಲೆಂಡಿನ ಒಂದು ಪುಟ್ಟ ಊರಿನಲ್ಲಿ ಒಬ್ಬ ಮನುಷ್ಯ ಪಿಸ್ತೂಲುಗಳನ್ನು ಹಿಡಿದು ಶಾಲೆಗೆ ನುಗ್ಗಿ ಎಳೆಯ ಮಕ್ಕಳನ್ನು ಕೊಂದ. ಅವನೂ ಕ್ಲಬ್ಬಿನ ಸದಸ್ಯನೇ, ಅವನ ಹತ್ತಿರವೂ ಲೈಸೆನ್ಸ್ ಇತ್ತು. ಮುಂದಿನ ವರ್ಷ ಕಾನೂನು ಬದಲಾಯಿತು. ಪಿಸ್ತೂಲು ಇಟ್ಟುಕೊಂಡವರೆಲ್ಲ ಪೊಲೀಸರಿಗೆ ಒಪ್ಪಿಸಬೇಕಾಯಿತು. ಅಂಕಲ್ ತಮ್ಮ ಎರಡನ್ನೂ ಕೊಟ್ಟು ಬಂದ ಮಧ್ಯಾಹ್ನ ನಾನೂ ತಮ್ಮನೂ ಅವರ ಅಡಿಗೆಮನೆಯಲ್ಲಿ ಕೂತಿದ್ದೆವು. ಇಲ್ಲಿಂದ ಮುಂದೆ ನಾನು ಎಚ್ಚರದಿಂದ ಬರೆಯಬೇಕು.

ನನಗೆ ನೆನಪಿರುವುದು ಹೀಗೆ. ಆಂಟಿ ಕಾಳುಮೆಣಸು ಹುರಿಯುತ್ತಿದ್ದರು. ಘಾಟಿಗೆ ನಾವೆಲ್ಲ ಕೆಮ್ಮುತ್ತಿದ್ದೆವು. ಅಂಕಲ್ ಒಳಗೆ ಬಂದು, ಕೈ ತೊಳೆದು, ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರು. ಅತ್ತರೇ? ಗೊತ್ತಿಲ್ಲ. ಎಲ್ಲರ ಕಣ್ಣಲ್ಲೂ ನೀರಿತ್ತು. ಆಮೇಲೆ ಅವರೆಂದರು: "ಕೊಟ್ಟು ಬಂದೆ. ಆ ಮಕ್ಕಳ ಅಪ್ಪ ಅಮ್ಮ ಕೇಳ್ತಿದ್ದಾರೆ. ಇಲ್ಲ ಅನ್ನೋಕಾಗುತ್ತಾ?" ಈ ಮಾತು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇದೆ. ಅದೇ ಮೇಜಿನ ಮುಂದೆ ತಮ್ಮನೂ ಇದ್ದ. ಎದ್ದು ಹೊರಗೆ ಹೋಗಿದ್ದನೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೋಗಿರಲಿಲ್ಲ ಎಂದೇ ಅನ್ನಿಸುತ್ತದೆ. ಆದರೆ ಪ್ರಮಾಣ ಮಾಡಿ ಹೇಳಲಾರೆ. ಆ ವರ್ಷದ ಹಬ್ಬಕ್ಕೆ ಅವರು ಚಾಪೆ ಹಾಸಿ, ಬರಿಯ ಚಾಪೆಯ ಮೇಲೆ ಹೂವಿಟ್ಟರು.

ತಮ್ಮ ಓದಿನಲ್ಲಿ ಬುದ್ಧಿವಂತ. ಮುಂದೆ ಸಂಶೋಧನೆಗೆಂದು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹೋದ. ಅವನು ಅಲ್ಲಿದ್ದಾಗಲೇ ಆ ದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ತರಗತಿಯಿಂದ ತರಗತಿಗೆ ಹೋಗಿ ಗುಂಡು ಹಾರಿಸಿ ಅನೇಕರನ್ನು ಕೊಂದ. ಕೆಲವು ವಾರದ ನಂತರ ತಮ್ಮನ ಕ್ಯಾಂಪಸ್ಸಿನಲ್ಲೂ ಯಾರೋ ಬಂದೂಕು ಹಿಡಿದು ಬಂದಿದ್ದಾನೆಂದು ಸುದ್ದಿ ಹಬ್ಬಿತು. ಅವನು ಪ್ರಯೋಗಾಲಯದ ದೀಪ ಆರಿಸಿ, ಮೇಜಿನ ಕೆಳಗೆ ಇನ್ನಿಬ್ಬರ ಜೊತೆ ಮುದುಡಿ ಕೂತಿದ್ದನಂತೆ. ಒಬ್ಬ ಹುಡುಗಿ ಅಮ್ಮನಿಗೆ ಫೋನ್ ಮಾಡಿ ಪಿಸುಗುಟ್ಟುತ್ತಿದ್ದಳಂತೆ. ಕೊನೆಗೆ ಅದು ಸುಳ್ಳು ಸುದ್ದಿಯಾಯಿತು. ಆದರೆ ಆ ಭಯ ಸುಳ್ಳಾಗಿರಲಿಲ್ಲ. ಅವನ ಮೇಲೆ ನನಗಿರುವ ಕಹಿ ಎಷ್ಟೇ ಇರಲಿ, ಇದನ್ನು ಬಿಟ್ಟು ಬರೆದರೆ ಅನ್ಯಾಯವಾಗುತ್ತದೆ.

ಅದಾದ ಮೇಲೆ ಅವನು ಅಲ್ಲಿನ ವಿದ್ಯಾರ್ಥಿಗಳ ಒಂದು ಗುಂಪು ಸೇರಿದ. ಲೈಸೆನ್ಸ್ ಇರುವ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಟ್ಟೆಯ ಒಳಗೆ ಕಾಣದ ಹಾಗೆ ಪಿಸ್ತೂಲು ಇಟ್ಟುಕೊಂಡು ತರಗತಿಗೆ ಬರಲು ಬಿಡಬೇಕು ಎನ್ನುವುದು ಅವರ ಬೇಡಿಕೆ. ಆ ರಾಜ್ಯದ ಶಾಸಕರ ಮುಂದೆ ಚರ್ಚೆ ನಡೆದಾಗ ಗುಂಪಿನ ಪರವಾಗಿ ತಮ್ಮನೂ ಮಾತಾಡಿದ. ಆ ಭಾಷಣವನ್ನು ಗುಂಪಿನವರು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು. ಅದರ ನಡುವೆ ಹೀಗಿತ್ತು: ಲಂಡನ್ನಿನಲ್ಲಿ ನನಗೆ ಬಂದೂಕು ಹಿಡಿಯಲು ಕಲಿಸಿದ ಗುರು ಯೋಧರ ಕುಲದವರು. ಸರ್ಕಾರ ಅವರ ಆಯುಧ ಕಿತ್ತುಕೊಂಡ ದಿನ ಆ ದೊಡ್ಡ ಮನುಷ್ಯ ಅಡಿಗೆಮನೆಯಲ್ಲಿ ಕೂತು ಅತ್ತದ್ದನ್ನು ನಾನು ಕಂಡಿದ್ದೇನೆ. ಆಯುಧವಿಲ್ಲದ ಮನುಷ್ಯ ಅರ್ಧ ಮನುಷ್ಯ ಎಂದು ಅವರು ನನಗೆ ಹೇಳಿಕೊಟ್ಟಿದ್ದಾರೆ.

ಯಾರೋ ಅದನ್ನು ನಮ್ಮ ಬಳಗದ ಎಲ್ಲರಿಗೂ ಇ-ಮೇಲಿನಲ್ಲಿ ಕಳಿಸಿದರು. ಹೆಸರು ಬರೆಯದಿದ್ದರೇನು, ಲಂಡನ್ನಿನ ಕನ್ನಡಿಗರಲ್ಲಿ ಪಿಸ್ತೂಲು ಇಟ್ಟುಕೊಂಡಿದ್ದ ಡಾಕ್ಟರು ಇನ್ನೆಷ್ಟು ಜನ?

ಆ ಸಲದ ದೀಪಾವಳಿ ಟೂಟಿಂಗಿನ ಒಂದು ಬಾಡಿಗೆ ಹಾಲಿನಲ್ಲಿತ್ತು. ಅಂಕಲ್ ಇಂಥ ಸಮಾರಂಭಗಳಿಗೆ ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ನಡುವಿಗೆ ಕೆಂಪು ರೇಷ್ಮೆ ಬಿಗಿದು, ಸೊಂಟಕ್ಕೆ ಬೆಳ್ಳಿ ಹಿಡಿಯ ಪೀಚೆಕತ್ತಿ ಸಿಕ್ಕಿಸಿಕೊಂಡು ಬರುತ್ತಿದ್ದರು. ಎಷ್ಟೋ ವರ್ಷ ಅದರ ಜೊತೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡಿದ್ದಾರೆ. ಅಂದು ಬಾಗಿಲಲ್ಲಿ ಧಾರವಾಡದ ಡಾಕ್ಟರು ಅಡ್ಡ ನಿಂತರು.

"ಏನ್ರೀ ಡಾಕ್ಟರ, ಕತ್ತಿ ಕಾಣಸ್ತದ ಖರೆ, ಕಿಸೆದಾಗೂ ಏನರ ಅದ ಏನು? ಏ, ಚೆಕ್ ಮಾಡಿ ಒಳಗ ಬಿಡ್ರಪಾ ಇವರನ್ನ!"

ಸುತ್ತ ಇದ್ದವರು ನಕ್ಕರು. ಅಂಕಲ್ ಕೂಡ ನಕ್ಕು, ಎರಡೂ ಕೈ ಮೇಲೆತ್ತಿ ನಿಂತರು. ಧಾರವಾಡದ ಡಾಕ್ಟರು ತಮಾಷೆಗೆಂದೇ ಅವರ ಕುಪ್ಯದ ಮೇಲೆ ತಟ್ಟಿ ತಟ್ಟಿ ನೋಡಿದರು. ಅಷ್ಟರಲ್ಲಿ ಕಾರ್ಯದರ್ಶಿಯಾಗಿದ್ದ ಹುಡುಗ, ಬೆಂಗಳೂರಿನವನು, ಓಡಿಬಂದು, "ಸಾರಿ ಅಂಕಲ್, ಈ ಸಲ ಕತ್ತಿ ಕಾರಲ್ಲೇ ಇಟ್ಬಿಡ್ತೀರಾ? ಮಕ್ಕಳೆಲ್ಲ ಇರ್ತಾರೆ, ಯಾರಾದ್ರೂ ಏನಾದ್ರೂ ಅಂದ್ರೆ..." ಎಂದ. ಅಂಕಲ್ ಹೊರಗೆ ಹೋಗಿ ಇಟ್ಟು ಬಂದರು. ಕತ್ತಿಯಿಲ್ಲದ ಆ ಕೆಂಪು ರೇಷ್ಮೆ ಊಟದ ಹೊತ್ತಿಗೆ ಸಡಿಲವಾಗಿ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಸಾಲಿನಲ್ಲಿ ನಿಂತಿದ್ದರು.

ಅಲ್ಲಿಗೆ ಮುಗಿದಿದ್ದರೆ ಸಾಕಾಗಿತ್ತು. ಅಮ್ಮ ತಟ್ಟೆ ಹಿಡಿದುಕೊಂಡೇ ಅವರ ಮುಂದೆ ಹೋದಳು. "ನೀವು ಬೇಜಾರು ಮಾಡ್ಕೋಬೇಡಿ, ನಾನು ಇವತ್ತು ಹೇಳೇಬಿಡ್ತೀನಿ. ಓದೋ ಹುಡುಗನ ಕೈಗೆ ಅದನ್ನ ಕೊಟ್ಟೋರು ನೀವು. ಈಗ ನೋಡಿ, ಪುಸ್ತಕ ಇಟ್ಕೊಂಡು ಹೋಗೋ ಜಾಗಕ್ಕೆ ಅದನ್ನ ತಗೊಂಡು ಹೋಗ್ತೀನಿ ಅಂತಿದಾನೆ."

"ನಾನು ಅವನಿಗೆ ಹಾಗೆ ಹೇಳಿಲ್ಲಮ್ಮ," ಎಂದರು ಅಂಕಲ್.

"ಮತ್ತೆ ಅವನು ಸುಳ್ಳು ಬರೀತಾನಾ?"

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಹೌದು ಎಂದರೆ ತಾಯಿಯ ಮುಂದೆ ಮಗನನ್ನು ಸುಳ್ಳುಗಾರ ಎಂದಂತೆ. ಅವರು ಕೊಡದ ಉತ್ತರವನ್ನು ಹಾಲಿನಲ್ಲಿದ್ದವರೆಲ್ಲ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡರು.

ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದು, "ಇಲ್ಲಿಂದಲೇ ಮಾತಾಡ್ತೀನಿ, ನೀವೆಲ್ಲ ಕೇಳಿ" ಎಂದು ತಮ್ಮನಿಗೆ ಫೋನ್ ಮಾಡಿಸಿದರು. ಸ್ಪೀಕರ್ ಹಾಕಿಸಿದರು. ಮರೆಯಲ್ಲಿ ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಅಮ್ಮ ಸೋಫಾದ ತುದಿಯಲ್ಲಿ ಕೂತಳು. ತಮ್ಮ ಎಂದಿನಂತೆ ಇಂಗ್ಲಿಷಿನಲ್ಲಿ ಮಾತಾಡಿದ. ನಾನು ಕನ್ನಡಕ್ಕೆ ತಂದಿದ್ದೇನೆ.

"ಮೋನೇ, ಓದಿದೆ. ಚೆನ್ನಾಗಿ ಬರ್ದಿದ್ದೀಯ. ಆದ್ರೆ ಅದ್ರಲ್ಲಿರೋದು ನಾನಲ್ಲ."

"ಅಂಕಲ್, ನಿಮ್ಮ ಹೆಸರು ಹಾಕಿಲ್ಲವಲ್ಲ. ನೀವೊಂದು ಎಗ್ಸಾಂಪಲ್, ಅಷ್ಟೇ."

"ಎಗ್ಸಾಂಪಲ್ ಆಗೋಕೆ ನಾನಿನ್ನೂ ಸತ್ತಿಲ್ಲ ಕಣೋ. ಅರ್ಧ ಮನುಷ್ಯ ಅಂತ ನಾನ್ ಯಾವಾಗ ಅಂದೆ?"

"ಹಾಗೇ ಅನ್ನದೆ ಇರಬಹುದು. ಅರ್ಥ ಅದೇ ಇತ್ತು. ನೀವು ಅತ್ತಿರಿ, ನಾನು ನೋಡಿದ್ದೇನೆ."

ಅಂಕಲ್ ನನ್ನ ಕಡೆ ನೋಡಿದರು. ನಾನು ಮೆಣಸಿನ ಘಾಟಿನ ವಿಷಯ ಹೇಳಿದೆ. ತಮ್ಮ ನಕ್ಕುಬಿಟ್ಟ. "ಅಕ್ಕಾ, ಪ್ಲೀಸ್."

"ಅತ್ತೆ ಅಂತಲೇ ಇಟ್ಕೋ," ಎಂದರು ಅಂಕಲ್. "ಯಾತಕ್ಕೆ ಅತ್ತೆ ಅಂತ ಕೇಳಿದ್ಯಾ? ಸರಿ, ಅದೂ ಬಿಡು. ನಾನು ನಿಂಗೆ ಕಲಿಸಿದ್ದೇನು? ತೆಗೆದ್ರೆ ತೆಗೆದೆ ಅನ್ನು, ಇಟ್ರೆ ಇಟ್ಟೆ ಅನ್ನು. ನೀನು ಕೇಳ್ತಿರೋದು ಶರ್ಟಿನ ಒಳಗೆ ಇಟ್ಕೊಂಡು ಪಕ್ಕದಲ್ಲಿ ಕೂತೋನಿಗೆ ಹೇಳದೆ ಇರೋದನ್ನ."

ತಮ್ಮ ಈ ಸಲ ದನಿ ತಗ್ಗಿಸಿ, "ಅಂಕಲ್, ನಾನು ಮೇಜಿನ ಕೆಳಗಿದ್ದೆ. ಬಾಗಿಲು ತೆರೆದರೆ ಸಾಯುತ್ತೇನೆ ಅಂತ ಗೊತ್ತಿತ್ತು. ಆ ಸತ್ತವರ ಕ್ಲಾಸಿನಲ್ಲಿ ಒಬ್ಬರ ಹತ್ತಿರವಾದರೂ ಪಿಸ್ತೂಲು ಇದ್ದಿದ್ದರೆ?" ಎಂದು ಕೇಳಿದ.

"ಗೊತ್ತಿಲ್ಲ ಮೋನೇ," ಎಂದರು ಅವರು. "ಒಂದಿಬ್ರು ಉಳೀತಿದ್ರೋ ಏನೋ. ನಂಗೆ ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ಬೆಲ್ಟಿನ ಒಳಗಿಂದ ಪಿಸ್ತೂಲು ತೆಗೆಯೋಕೆ ಹೋಗಿ ತನ್ನ ತೊಡೆಗೆ ತಾನೇ ಹೊಡ್ಕೊಂಡ ಹುಡುಗನ್ನ ಆಪರೇಷನ್‌ಗೆ ನಾನೇ ನಿದ್ದೆ ಮಾಡಿಸಿದ್ದೀನಿ, ಇದೇ ಲಂಡನ್‌ನಲ್ಲಿ. ಅದೂ ಬಿಡು. ದಿನಾ ಏನಾಗುತ್ತೆ ಹೇಳು. ಮಾರ್ಕು ಕಮ್ಮಿ ಕೊಡ್ಬೇಕಾದ್ರೆ ಮೇಷ್ಟ್ರು ಹುಡುಗನ ಜೇಬು ನೋಡ್ತಾನೆ. ನೀನ್ ಹೇಳಿದ್ದು ತಪ್ಪು ಅನ್ನೋಕೆ ಮುಂಚೆ ಪಕ್ಕದೋನು ನಿನ್ನ ಸೊಂಟ ನೋಡ್ತಾನೆ. ಅಂಥ ಕಡೆ ಏನ್ ಓದ್ತೀರಪ್ಪಾ?"

"ಅದು ನಿಮ್ಮ ಅಭಿಪ್ರಾಯ. ಚರ್ಚೆಯಲ್ಲಿ ಎರಡೂ ಕಡೆ ಇರುತ್ತದೆ."

"ಇರ್ಲಿ. ನೀನು ಯಾವ ಕಡೆ ಬೇಕಾದ್ರೂ ನಿಂತ್ಕೋ. ನನ್ನ ಮಾತ್ರ ಎಳ್ಕೊಂಡು ಹೋಗಿ ಆ ಕಡೆ ನಿಲ್ಲಿಸ್ಬೇಡ. ಅಲ್ಲೇ, ಅದರ ಕೆಳಗೇ ಒಂದು ಸಾಲು ಹಾಕು: ಕಲಿಸಿದೋನು ಹೀಗೆ ಹೇಳಿಲ್ಲ, ಬಚ್ಚಿಟ್ಕೊಳ್ಳೋದಕ್ಕೆ ಅವನ ಒಪ್ಪಿಗೆ ಇಲ್ಲ ಅಂತ. ಅಷ್ಟು ಮಾಡು."

"ಓಕೆ ಅಂಕಲ್. ಹಾಕ್ತೀನಿ," ಎಂದ ತಮ್ಮ. "ಹಾಕ್ತೀನಿ" ಎಂದದ್ದು ಕನ್ನಡದಲ್ಲೇ.

ಅಂಕಲ್ ನೆಮ್ಮದಿಯಿಂದ ಎದ್ದರು. ಅಮ್ಮ ಕಾಫಿ ಕೊಡಲೇ ಎಂದು ಕೇಳಿದಳು. ಆ ಹೊತ್ತಿಗೆ ಅದೇ ಅವಳ ಕ್ಷಮಾಪಣೆ ಎಂದು ನಾನು ತಿಳಿದೆ, ತಪ್ಪೂ ಇರಬಹುದು.

ಆ ಸಾಲು ಬರಲಿಲ್ಲ. ವಾರಗಟ್ಟಲೆ, ಆಮೇಲೆ ತಿಂಗಳುಗಟ್ಟಲೆ, ಬೇಲಿಯಾಚೆ ನಾನು ಕಂಡಾಗಲೆಲ್ಲ ಅವರು, "ಹಾಕಿದಾನಾ ನೋಡಿದ್ಯಾ?" ಎಂದು ಕೇಳುತ್ತಿದ್ದರು. ನಾನು ತಮ್ಮನಿಗೆ ನೆನಪಿಸುತ್ತಿದ್ದೆ. ಅವನು ಒಮ್ಮೆ ಪಾಸ್‌ವರ್ಡ್ ತನ್ನ ಹತ್ತಿರ ಇಲ್ಲ ಎಂದ, ಇನ್ನೊಮ್ಮೆ ಶಾಸಕರ ಮತದಾನ ಮುಗಿಯಲಿ ಎಂದ, ಮತ್ತೊಮ್ಮೆ ಆ ಮಾತು ಹಾಕಿದರೆ ವಿರೋಧಿಗಳು ಎತ್ತಿಕೊಳ್ಳುತ್ತಾರೆ ಎಂದ. ಆಮೇಲೆ ಅಲ್ಲಿನವಳನ್ನೇ ಮದುವೆಯಾಗಿ, ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ. ಮದುವೆಯ ಫೋಟೊಗಳನ್ನು ಅಂಕಲ್ ಒಂದೊಂದಾಗಿ ನೋಡಿ, ಹುಡುಗಿ ಲಕ್ಷಣವಾಗಿದಾಳೆ ಎಂದರು. ಅವತ್ತು ಆ ಸಾಲಿನ ಬಗ್ಗೆ ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ. ಬಳಗದ ಸಮಾರಂಭಗಳಿಗೂ ಹೋಗುವುದನ್ನು ಬಿಟ್ಟರು. ಯಾರೂ ಯಾಕೆಂದು ಕೇಳಲಿಲ್ಲ. ಧಾರವಾಡದ ಡಾಕ್ಟರಿಗೆ ತಮಾಷೆ ಮಾಡಲು ಬೇರೆಯವರು ಸಿಕ್ಕರು.

ಅವರು ಹೋದದ್ದು ಒಂದು ಚಳಿಗಾಲ, ಹೃದಯಾಘಾತದಿಂದ, ಬೆಳಗಿನ ತಿಂಡಿಯ ಮೇಜಿನಲ್ಲಿ. ಕೊಡವರಲ್ಲಿ ಸಾವಾದರೆ ಮನೆಯಂಗಳದಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಇಲ್ಲಿ ಅದು ಆಗದ ಮಾತು. ಕೊಡಗಿನಲ್ಲಿದ್ದ ಅವರ ಅಣ್ಣ ಅಲ್ಲಿ ಹಾರಿಸಿದರು. ಆಂಟಿ ಇಲ್ಲಿ ಮೊಬೈಲನ್ನು ಅಂಕಲ್ ಅವರ ಕಿವಿಯ ಹತ್ತಿರ ಹಿಡಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿದ್ದು ದೂರದ ಯಾವುದೋ ಮನೆಯ ಬಾಗಿಲು ಎರಡು ಸಲ ಬಡಿದ ಸದ್ದು. ತಮ್ಮ ಬರಲಿಲ್ಲ. ಸೆಮಿಸ್ಟರ್ ನಡೆಯುತ್ತಿತ್ತು. ದೊಡ್ಡ ಹೂಗುಚ್ಛ ಕಳಿಸಿದ. ಚಿತಾಗಾರದಲ್ಲಿ ಬಳಗದವರೆಲ್ಲ ಸೇರಿದ್ದರು. "ಎಷ್ಟು ಒಳ್ಳೇ ಮನುಷ್ಯ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ನಾನು ಅವಳ ಪಕ್ಕದಿಂದ ಎದ್ದು ಹಿಂದಿನ ಸಾಲಿಗೆ ಹೋಗಿ ಕೂತೆ.

ಕೆಲವು ವಾರ ಕಳೆದ ಮೇಲೆ, ಯಾಕೋ ಗೊತ್ತಿಲ್ಲ, ಆ ವೆಬ್‌ಸೈಟು ತೆರೆದು ನೋಡಿದೆ. ಭಾಷಣ ಹಾಗೇ ಇತ್ತು. ಅಡಿಗೆಮನೆ, ಅಳು, ಅರ್ಧ ಮನುಷ್ಯ, ಎಲ್ಲ ಇದ್ದವು. ಒಂದೇ ಒಂದು ಬದಲಾವಣೆಯಾಗಿತ್ತು. ಗುರು ಎಂದಿದ್ದ ಕಡೆ, ದಿವಂಗತ ಗುರು ಎಂದಾಗಿತ್ತು. ನನ್ನ ನೆನಪು ಮೋಸ ಮಾಡುತ್ತಿದೆಯೇ ಎಂದು ಅಂದು ಬಂದಿದ್ದ ಹಳೆಯ ಇ-ಮೇಲು ತೆರೆದು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೋಸ ಮಾಡಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. ಜಗಳ ಆಡಲಿಲ್ಲ, ಒಂದೇ ಪ್ರಶ್ನೆ ಕೇಳಿದೆ. ಅವನು, "ಅಕ್ಕಾ, ನನಗೆ ಕ್ಲಾಸಿದೆ" ಎಂದು ಇಟ್ಟುಬಿಟ್ಟ. ಆ ಮೇಲೆ ನಾವು ಹಬ್ಬಕ್ಕೆ, ಅಮ್ಮನ ಆರೋಗ್ಯಕ್ಕೆ, ಅವನ ಮಗು ಹುಟ್ಟಿದ್ದಕ್ಕೆ ಎಷ್ಟೋ ಸಲ ಮಾತಾಡಿದ್ದೇವೆ. ಪ್ರತಿ ಸಲವೂ ನಾನು ಕಾಯುತ್ತೇನೆ, ಅವನು ಆ ಮಾತಿಗೆ ಬರುವುದಿಲ್ಲ. ನಾನು ಕೇಳಿದ್ದು ಇಷ್ಟೇ: "ಆ ಒಂದು ಪದ ಹಾಕೋಕೆ ನೀನೇ ಆ ಪೇಜ್ ತೆರೆದ್ಯಲ್ಲ, ಅವರು ಕೇಳಿದ್ದ ಒಂದು ಸಾಲನ್ನೂ ಆಗಲೇ ಹಾಕೋಕೆ ನಿನಗೆ ಏನ್ ಅಡ್ಡ ಬಂತೋ?"